ರೂಪಶ್ರೀ ಹೇಳಿದ ಒಡಪು

ಗಂಡ ಹತ್ತಿರ ಬಾರದಿರುವುದಕ್ಕೆ ದೋಷ ತನ್ನದೇ ಇರಬಹುದೇ ಎಂಬ ಚಿಂತೆ ರೂಪಶ್ರೀಯನ್ನು ಬಿಟ್ಟಿರಲಿಲ್ಲ. ಮಗಳು ಕೃತಿಕಾಳನ್ನು ಹೆತ್ತ ಮೇಲೆ ಹೊಟ್ಟೆಯಲ್ಲುಳಿದ ಗೆರೆಗಳೇ? ಮೈಗಂಟಿದ ಹಾಲಿನ ವಾಸನೆಯೇ? ಸರಸ್ವತಿ ನಗರದ ಮನೆಯಲ್ಲಿ ಕನ್ನಡಿ ಕಂಡಾಗಲೆಲ್ಲ ಇದೇ ಯೋಚನೆ.

ಕೊರೋನಾ ಕಾಲದಲ್ಲಿ ಗಂಡ ನಾಗಭೂಷಣ್ ಬಟ್ಟೆ ಅಂಗಡಿಯ ಶಟರ್ ಎಳೆದು ಮನೆಯಲ್ಲಿ ಕೂತ. ಸೋಂಕು ತಗುಲಿದಾಗ, ಕೂಸಿಗೆ ಅಂಟೀತೆಂದು ಹಾಸಿಗೆ ಸುತ್ತಿಕೊಂಡು ಮಹಡಿ ಕೋಣೆಗೆ ಹೋದ. ಸೋಂಕು ವಾಸಿಯಾಯಿತು; ಹಾಸಿಗೆ ಕೆಳಗಿಳಿಯಲಿಲ್ಲ. ಒಂದೆರಡು ಸಲ ಬಳಿ ಬಂದವನು, ಆಗದೆ, ಗೋಡೆಗೆ ಮುಖ ಮಾಡಿ ಅತ್ತಿದ್ದ. "ಯಾರಿಗೂ ಹೇಳಬ್ಯಾಡ." ಅವಳು ಹೇಳಲಿಲ್ಲ. ಗುಟ್ಟಾಗಿ ಡಾಕ್ಟರೊಬ್ಬರನ್ನು ಕೇಳಿದಾಗ, "ಆ ಭಯ, ಒತ್ತಡಕ್ಕೆ ಎಷ್ಟೋ ಮಂದಿಗೆ ಹಿಂಗಾಗೈತಮ್ಮ. ಗುಣ ಆಗುತ್ತೆ, ಕರ್ಕೊಂಡು ಬಾ" ಎಂದಿದ್ದರು. ಅವನು ಒಪ್ಪಲಿಲ್ಲ.

ಮೈದುನನ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹರಿಹರಕ್ಕೆ ಹೋದರು. ಪಡಸಾಲೆಯಲ್ಲಿ ಗಂಡಸರ ಊಟ, ಒಳಗೆ ತೊಟ್ಟಿಲ ಸುತ್ತ ಹೆಂಗಸರು.

"ಎರಡನೇದು ಯಾವಾಗವ್ವ?" ನೆರೆಮನೆಯ ದ್ರಾಕ್ಷಾಯಣಮ್ಮ ಕೇಳಿದರು.

"ಎಲ್ಲೀದು? ಗಂಡನ್ನ ಹತ್ರಾನೇ ಬಿಟ್ಕೊಳ್ಳಲ್ಲಂತೆ. ನನ್ನ ಮಗನೇ ಹೇಳಿದ," ಎಂದರು ಅತ್ತೆ ಮರುಳಸಿದ್ದಮ್ಮ. "ಏನೋ ಗಾಳಿ ಸೋಕೈತೆ. ಬರೋ ಅಮಾಸಿಗೆ ಗಾಳಿ ಬಿಡ್ಸಾಕೆ ಉಕ್ಕಡಗಾತ್ರಿ ಗುಡಿಗೆ ಕರ್ಕೊಂಡು ಹೋಗೋದು. ಅದು ಬಿಡೋ ತನಕ ಆಕಿ ಕೂಸು ನನ್ನ ಹತ್ರ ಇರ್ಲಿ."

ರೂಪಶ್ರೀ ಮಗಳನ್ನು ಹತ್ತಿರಕ್ಕೆಳೆದುಕೊಂಡಳು. ಬಾಗಿಲಾಚೆ ನೋಡಿದಳು. ನಾಗಭೂಷಣ್‌ಗೆ ಎಲ್ಲ ಕೇಳಿಸಿತ್ತು. ತಲೆ ತಗ್ಗಿಸಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಇರು, ಆ ತುತ್ತು ಗಂಟಲಲ್ಲೇ ನಿಲ್ಲೋ ಹಾಗೆ ಮಾಡ್ತೀನಿ ಎಂದು ಅವಳು ಹಲ್ಲು ಕಚ್ಚಿದಳು.

"ಅದಿರ್ಲಿ, ಆಕೀಗೆ ಒಡಪು ಹೇಳ್ಸ್ರಿ!" ಹೆಂಗಸರು ಗದ್ದಲವೆಬ್ಬಿಸಿದರು. ಗಂಡನ ಹೆಸರು ಈ ಮನೆಯ ಸೊಸೆಯರ ಬಾಯಲ್ಲಿ ಬರುವುದು ಇಂಥ ದಿನ ಮಾತ್ರ, ಅದೂ ಪ್ರಾಸ ಕಟ್ಟಿ. ಪ್ರತಿ ಸಲ ರೂಪಶ್ರೀ ತಪ್ಪಿಸಿಕೊಳ್ಳುತ್ತಿದ್ದಳು.

"ಹೇಳ್ತೀನ್ರಿ. ಗಂಡಸರಿಗೂ ಕೇಳ್ಲಿ, ಸುಮ್ನಿರಾಕೆ ಹೇಳ್ರಿ."

"ಅಬ್ಬಾ, ಈ ಸಲ ಜೋರೈತೆ!" ದ್ರಾಕ್ಷಾಯಣಮ್ಮ ನಕ್ಕರು. ಪಡಸಾಲೆ ಸುಮ್ಮನಾಯಿತು.

ಅವಳು ಆ ಡಾಕ್ಟರ ಕ್ಲಿನಿಕ್‌ಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿದಳು.

"ನಾಳೆಗೊಂದು ನಂಬರ್ ಬೇಕಿತ್ತು."

"ನಿಮಗಾ ಮೇಡಂ?"

"ನನಗೇನೂ ಆಗಿಲ್ಲ. ನಮ್ಮ ಮನೆಯವರಿಗೆ. ಕೊರೋನಾ ಆದಾಗಿನಿಂದ ಹೆಂಡ್ತಿ ಹತ್ರ ಬರೋಕೆ ಆಗ್ತಿಲ್ಲ."

ಮರುಳಸಿದ್ದಮ್ಮನ ಕೈಯಿಂದ ತೊಟ್ಟಿಲ ಹಗ್ಗ ಜಾರಿತು. ನಾಗಭೂಷಣ್ ಎಂಜಲು ಕೈಯಲ್ಲೇ ಬಾಗಿಲಿಗೆ ಓಡಿಬಂದ. "ಏ, ಬ್ಯಾಡ ಕಣೇ..."

"ಪೇಷಂಟ್ ಹೆಸರು ಹೇಳಿ ಮೇಡಂ."

ರೂಪಶ್ರೀ ಕೃತಿಕಾಳನ್ನು ಸೊಂಟಕ್ಕೇರಿಸಿಕೊಂಡು, ಅವನ ಮುಖವನ್ನೇ ನೋಡುತ್ತ, ಪ್ರಾಸ ಗೀಸ ಇಲ್ಲದೆ ಗಟ್ಟಿಯಾಗಿ ಹೇಳಿದಳು:

"ನಾಗಭೂಷಣ್."