ಸೊಸೆಯ ಕೈ, ಅತ್ತೆಯ ಮೂಗು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ಖಾಲಿ ಮನೆಯ ಬಾಗಿಲಲ್ಲಿ ಎಪ್ಪತ್ತು ದಾಟಿದ ಅತ್ತೆ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದಾರೆ. ಮೆಟ್ಟಿಲು ಹತ್ತಿದ ಏದುಸಿರು ಆರಿಲ್ಲ. ಒಳಗೆ ಸೊಸೆ ಕಿಟಕಿಗಳನ್ನೆಲ್ಲ ತೆರೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಚ್ಚಲಿನ ಗೋಡೆ ಉಜ್ಜುತ್ತಿದ್ದಾರೆ. ಉಜ್ಜಿ ಮುಗಿದ ಮೇಲೆ ಕೂಗುತ್ತಾರೆ: "ಅತ್ತೆ, ಬನ್ನಿ, ಮೂಸಿ ನೋಡಿ."

ಬಾಡಿಗೆಯವರು ಬಿಟ್ಟುಹೋದ ಮನೆಯನ್ನು ಹೊಸಬರು ಬರುವ ಮೊದಲು ತೊಳೆದುಕೊಡುವುದು ಈ ಇಬ್ಬರ ಕಸುಬು. ದಿನಕ್ಕೊಂದು ಮನೆ: ಎರಡು ಬಚ್ಚಲು, ಒಂದು ಅಡುಗೆಮನೆ, ಹತ್ತಾರು ಕಪಾಟು. ಸೊಸೆಗೆ ವಾಸನೆ ತಿಳಿಯುವುದಿಲ್ಲ. ಅತ್ತೆ ಮೂಸಿ ಸರಿ ಎಂದರೆ ಮಾತ್ರ ಕೆಲಸ ಮುಗಿದಂತೆ ಎಂಬ ಕರಾರಿನ ಮೇಲೆ ಕಟ್ಟಡದ ಮ್ಯಾನೇಜರ್ ಇವರನ್ನು ಉಳಿಸಿಕೊಂಡಿದ್ದಾರೆ. ಸೊಸೆಯ ಕೆಲಸದಲ್ಲಿ ಹುಳುಕು ಹುಡುಕುವ ಅತ್ತೆಯರು ಎಲ್ಲಿಲ್ಲ ಹೇಳಿ? ಅದರಿಂದಲೇ ಹೊಟ್ಟೆ ತುಂಬುವುದು ಮಾತ್ರ ಈ ಮನೆಯಲ್ಲಿ.

ಸೊಸೆಯ ಮೂಗು ಹೋದದ್ದು ಹೀಗೆ. ಅವತ್ತು ಕಮೋಡಿನ ಕಲೆ ಬಿಡಲೊಲ್ಲದು. ಸೊಸೆ ಬ್ಲೀಚಿಂಗ್ ಪುಡಿ ಸುರಿದಿದ್ದರು. "ಅದರ ಮೇಲೇ ಆಸಿಡ್ಡೂ ಹಾಕೇ, ಎರಡೂ ಸೇರಿದ್ರೆ ಬೇಗ ಬಿಡುತ್ತೆ" ಎಂದದ್ದು ಅತ್ತೆ. ಕಿಟಕಿಯಿಲ್ಲದ ಬಚ್ಚಲು. ಭುಗಿಲೆಂದು ಎದ್ದ ಹೊಗೆ ಕಣ್ಣು, ಗಂಟಲು ಎಲ್ಲವನ್ನೂ ಸುಟ್ಟಿತು. ಸೊಸೆ ಆಸ್ಪತ್ರೆಯಿಂದ ಮನೆಗೆ ಬಂದರು, ವಾಸನೆ ತಿಳಿಯುವ ಶಕ್ತಿ ಮರಳಿ ಬರಲಿಲ್ಲ.

"ಕೆಟ್ಟ ಮೇಲೆ ಬುದ್ಧಿ ಬಂತು" ಎನ್ನುತ್ತಾರೆ ಅತ್ತೆ, ನೆಲ ನೋಡುತ್ತ. "ಬಾಯಿ ನಂದು, ಮೂಗು ಅವಳದು ಹೋಯ್ತು." ಮಗ ತೀರಿಕೊಂಡ ಮೇಲೆ ಅವರಿಗೆ ಇರುವುದು ಈ ಸೊಸೆಯೊಬ್ಬರೇ. ಮಂಡಿನೋವು ಎಷ್ಟೇ ಇರಲಿ, ಒಂದು ದಿನವೂ ಕೆಲಸ ತಪ್ಪಿಸಿಲ್ಲ.

ಹೊಸದಾಗಿ ಬರುವ ಗೃಹಿಣಿಯರಿಗೆ ಸೊಸೆ ಬೀಗದ ಕೈ ಜೊತೆ ಬುದ್ಧಿಮಾತನ್ನೂ ಕೊಡುತ್ತಾರೆ: "ಎರಡು ಬಾಟ್ಲಿದು ಯಾವತ್ತೂ ಬೆರೆಸ್ಬೇಡಿ ಅಕ್ಕ. ಒಂದು ಹಾಕಿದ್ರೆ ಅದೊಂದೇ. ಕಿಟಕಿ ತೆಗೆದಿರ್ಲಿ. ಜಿಡ್ಡಿಗೆ ಬಿಸಿನೀರು, ಸೋಪಿನಪುಡಿ ಸಾಕು, ಸ್ವಲ್ಪ ಹೊತ್ತು ನೆನೀಬೇಕು ಅಷ್ಟೆ. ಕಪಾಟು ಒರೆಸಿದ್ಮೇಲೆ ಪೂರ್ತಿ ಒಣಗೋ ತನಕ ಬಾಗ್ಲು ಹಾಕ್ಬೇಡಿ, ಮುಗ್ಗಲು ಹಿಡಿಯುತ್ತೆ."

ಇವತ್ತು ಅತ್ತೆ ಕಪಾಟುಗಳಲ್ಲಿ ಒಂದೊಂದಾಗಿ ತಲೆ ತೂರಿಸಿ, "ಎಲ್ಲಾ ಸರಿ ಇದೆ ಕಣೇ" ಎನ್ನುತ್ತಾರೆ. ಅಷ್ಟರಲ್ಲಿ ಮ್ಯಾನೇಜರ್ ಬರುತ್ತಾರೆ. ಸಿಂಕಿನ ಕೆಳಗಿನ ಕಪಾಟು ತೆಗೆದವರೇ ಮುಖ ಸಿಂಡರಿಸುತ್ತಾರೆ. "ಏನಜ್ಜಿ, ಇಲಿ ಸತ್ತಿರೋ ವಾಸನೆ ಬರ್ತಿದೆಯಲ್ಲ!"

"ನಾನೇ ಅವಸರ ಮಾಡ್ದೆ ಸಾರ್, ಅತ್ತೆ ಇನ್ನೂ ಅದನ್ನ ನೋಡಿರ್ಲಿಲ್ಲ" ಎಂದು ಸೊಸೆ ಅಡ್ಡ ಬರುತ್ತಾರೆ.

"ಸುಮ್ನಿರೇ. ನೋಡ್ದೆ ಸ್ವಾಮಿ. ನಂಗೇನೂ ಗೊತ್ತಾಗ್ಲಿಲ್ಲ" ಎನ್ನುತ್ತಾರೆ ಅತ್ತೆ.

ಮ್ಯಾನೇಜರ್ ಕೆಟ್ಟವರಲ್ಲ. ಕಪಾಟಿನ ಬಾಗಿಲು ಮುಚ್ಚಿ, "ಈ ಮನೆ ಮುಗಿಸಿ. ಮುಂದಿಂದು ಆಮೇಲೆ ನೋಡೋಣ" ಎಂದು ಇಳಿದುಹೋಗುತ್ತಾರೆ. ನೋಡೋಣ ಎಂದರೆ ಏನೆಂದು ಇಬ್ಬರಿಗೂ ಗೊತ್ತು. ಸೊಸೆ ಕಪಾಟಿನ ಹಿಂದೆ ಕೈಹಾಕಿ ಸತ್ತ ಇಲಿಯನ್ನು ಹೊರತೆಗೆದು, ಮತ್ತೆ ಬಿಸಿನೀರಿನಿಂದ ಶುರುಮಾಡುತ್ತಾರೆ.

ಮಧ್ಯಾಹ್ನ ಬಸ್ ಸ್ಟಾಪಿನ ಬೆಂಚಿನ ಮೇಲೆ ಅತ್ತೆ ಸೊಸೆಯ ಹೆಗಲಿಗೆ ತಲೆಯಿಟ್ಟು ತೂಕಡಿಸುತ್ತಿದ್ದಾರೆ. ಸೊಸೆ ನನ್ನತ್ತ ತಿರುಗಿ ದನಿ ತಗ್ಗಿಸುತ್ತಾರೆ. "ಮುಂಚೆ ಪಕ್ಕ ಕೂತ್ರೆ ಸಾಕು, 'ದೂರ ಹೋಗೇ, ಫಿನಾಯಿಲ್ ನಾತ' ಅಂತ ಸೆರಗಲ್ಲಿ ಮೂಗು ಮುಚ್ಕೊಂಡು ಬೈಯೋರು. ಈಚೆಗೆ ಬೈತಾನೇ ಇರ್ಲಿಲ್ಲ. ವಯಸ್ಸಾಯ್ತು, ಕೊನೆಗೂ ನನ್ ಮೇಲೆ ಪ್ರೀತಿ ಬಂತು ಅಂದ್ಕೊಂಡಿದ್ದೆ."

ಬಸ್ಸು ಬರುತ್ತದೆ. ಅತ್ತೆಯನ್ನು ಮೆಲ್ಲಗೆ ಎಬ್ಬಿಸುತ್ತ ಅವರು ಹೇಳುತ್ತಾರೆ: "ಪ್ರೀತಿ ಇಲ್ದಿದ್ರೂ ಪರ್ವಾಗಿಲ್ಲ. ಇನ್ನೊಂದ್ಸಲ ಹಾಗೇ ಮೂಗು ಮುಚ್ಕೊಂಡು ಬೈದ್ಬಿಡ್ಲಿ."