ಕಪ್ ಗೆಲ್ಲದ ಮಾಸ್ಟ್ರು

ಅವರ ಬಲಗಾಲು ಮಂಡಿಯಲ್ಲಿ ಮಡಚುತ್ತಿರಲಿಲ್ಲ. ಬಸ್ಸಿನಲ್ಲಿ ಕುಳಿತರೆ ಆ ಕಾಲು ದಾರಿಗೆ ಅಡ್ಡವಾಗಿ ಗೇಟಿನ ಕೋಲಿನಂತೆ ಚಾಚಿಕೊಂಡಿರುತ್ತಿತ್ತು. ಹತ್ತುವವರು, ಇಳಿಯುವವರು ಅದನ್ನು ದಾಟಿಯೇ ಹೋಗಬೇಕು. ಮಣಿಪಾಲದ ಬಸ್ಸಿನ ಕಂಡಕ್ಟರುಗಳು ಕೊನೆಗೆ ಬುದ್ಧಿ ಕಲಿತು, ಡ್ರೈವರನ ಪಕ್ಕದ ಉದ್ದ ಸೀಟನ್ನು ಅವರಿಗೆಂದೇ ಬಿಡಿಸಿಡತೊಡಗಿದರು. ಮಂಡಿಯ ಎರಡೂ ಬದಿಗೆ ಹೊಲಿಗೆಯ ಗುರುತುಗಳಿದ್ದವು. ಬೆಂಗಳೂರಿನ ಯಾವುದೋ ಕಾರ್ಖಾನೆಯ ಟೀಮಿನಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡುತ್ತಿದ್ದಾಗ ಬಿದ್ದ ಪೆಟ್ಟು ಎಂದು ನಾವು ಕೇಳಿದ್ದೆವು. ಅವರಾಗಿ ಆ ಕತೆ ಹೇಳಿದವರಲ್ಲ. ಕೇಳಿದವನಿಗೆ ಮೈದಾನದ ಸುತ್ತ ಎರಡು ಸುತ್ತು ಹೆಚ್ಚು ಓಟ ಸಿಗುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಪಿಯುಸಿಯಿಂದ ಡಿಗ್ರಿಯ ತನಕ ನಾನು ಕಾಪುವಿನಿಂದ ದಿನಾ ಬಸ್ಸು ಹತ್ತಿ ಉಡುಪಿಯ ಒಂದು ಕಾಲೇಜಿಗೆ ಹೋಗುತ್ತಿದ್ದೆ. ಕಾಲೇಜಿನವರು ಅವರನ್ನು ಫುಟ್‌ಬಾಲ್ ಕೋಚ್ ಆಗಿ ನೇಮಿಸಿಕೊಂಡಿದ್ದರು. ವರ್ಷ ವರ್ಷವೂ ನೇಮಕದ ಹೊಸ ಆರ್ಡರು. ನಮಗೆ ಅವರು ಮಾಸ್ಟ್ರು.

ಅವರು ಬರುವ ಮೊದಲು ನಮ್ಮದು ಮೊದಲ ಸುತ್ತಿನಲ್ಲೇ ಸೋತು ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ಟೀಮು. ಅವರು ಬಂದ ಎರಡನೆಯ ವರ್ಷ ಅಂತರ ಕಾಲೇಜು ಫೈನಲಿಗೆ ಹೋಯಿತು. ಮೂರನೆಯ ವರ್ಷವೂ ಹೋಯಿತು. ಎರಡೂ ಸಲ ಸೋತಿತು. ಅವರ ಕೈಕೆಳಗೆ ಆಡಿದ ಹುಡುಗರು ಬ್ಯಾಂಕಿನ, ಪೊಲೀಸಿನ, ರೈಲ್ವೆಯ ಟೀಮುಗಳಿಗೆ ಆಯ್ಕೆಯಾಗಿ ನೌಕರಿ ಹಿಡಿದರು. ಆದರೆ ಕಾಲೇಜಿನ ಗಾಜಿನ ಕಪಾಟಿನಲ್ಲಿ ಹುಡುಗರ ನೌಕರಿಯನ್ನು ಇಡಲಿಕ್ಕಾಗುವುದಿಲ್ಲವಲ್ಲ, ಅಲ್ಲಿಗೆ ಕಪ್ಪೇ ಬೇಕು. ನಾಲ್ಕನೆಯ ವರ್ಷ ಆಡಳಿತ ಮಂಡಳಿಯವರು ಸುತ್ತಿಬಳಸದೆ ಹೇಳಿದರು: ಈ ಸಲ ಕಪ್ ಬಾರದಿದ್ದರೆ ಬೇರೆ ಕೋಚ್. ಈ ಮಾತು ಮಾಸ್ಟ್ರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು, ಕ್ಯಾಂಟೀನಿನ ಭಟ್ಟರಿಗೂ ಗೊತ್ತಿತ್ತು.

ಬೆಳಿಗ್ಗೆ ಐದೂವರೆಗೆ ಮಣಿಪಾಲದ ಗುಡ್ಡದ ಮೈದಾನದಲ್ಲಿ ಅವರು ನಿಂತಿರುತ್ತಿದ್ದರು. ಮುರಕಲ್ಲಿನ ಒರಟು ಕೆಂಪು ಮೈದಾನ, ಬಿದ್ದರೆ ಮೊಣಕೈಯ ಚರ್ಮ ಅಲ್ಲೇ ಉಳಿಯುತ್ತಿತ್ತು. ಪಕ್ಕದಲ್ಲಿ ನೆನೆಸಿದ ಕಡಲೆಯ ದೊಡ್ಡ ಟಿಫಿನ್ ಡಬ್ಬಿ. ಪ್ರ್ಯಾಕ್ಟೀಸು ಮುಗಿದ ಮೇಲೆ ಒಬ್ಬೊಬ್ಬನಿಗೆ ಒಂದು ಹಿಡಿ ಕಡಲೆ, ಒಂದು ತುಂಡು ಬೆಲ್ಲ. ಪಂದ್ಯದ ವಾರ ಎಣ್ಣೆಯಲ್ಲಿ ಕರಿದ ಗೋಳಿಬಜೆ ತಿಂದವನನ್ನು ಅವರು ಬಾಯಿಯ ವಾಸನೆಯಲ್ಲೇ ಹಿಡಿಯುತ್ತಿದ್ದರು. ಅವರದು ಬೆಂಗಳೂರಿನ ದಂಡು ಪ್ರದೇಶದ ಕನ್ನಡ. ನಮ್ಮಲ್ಲಿಗೆ ಬಂದು ‘ಮಾರಾಯ’ ಎಂಬ ಒಂದು ಶಬ್ದವನ್ನು ಪ್ರೀತಿಯಿಂದ ಕಲಿತರು, ಎಲ್ಲಿ ಬಳಸಬಾರದು ಎಂಬುದನ್ನು ಮಾತ್ರ ಕಲಿಯಲಿಲ್ಲ. ಒಮ್ಮೆ ಪ್ರಿನ್ಸಿಪಾಲರಿಗೇ “ಆಗಲಿ ಮಾರಾಯ” ಎಂದುಬಿಟ್ಟಿದ್ದರು. “ಬಾಲಿಗೆ ಕಣ್ಣಿಲ್ಲ ಕಣೋ, ನಿನಗಿದೆ, ನೋಡು” ಎನ್ನುವುದು ಅವರ ಮಾತು. ಬೈಗುಳವೂ ಅದೇ, ಹೊಗಳಿಕೆಯೂ ಅದೇ. ಧ್ವನಿಯ ಮೇಲೆ ನಾವು ಅರ್ಥ ಮಾಡಿಕೊಳ್ಳಬೇಕು.

ಅವರದು ಒಂದೇ ಕಟ್ಟಳೆ. ಪಂದ್ಯದ ಹಿಂದಿನ ವಾರ ಪ್ರತಿದಿನವೂ ಪ್ರ್ಯಾಕ್ಟೀಸಿಗೆ ಬಂದವನೇ ಪಂದ್ಯಕ್ಕೆ ಇಳಿಯಬೇಕು. ಎಂಥ ಆಟಗಾರನಾದರೂ ಸರಿ.

ನಾನು ಗೋಲ್‌ಕೀಪರ್, ಎರಡನೆಯವನು. ಮೊದಲನೆಯವನು ಉಡುಪಿ ಪೇಟೆಯ ಹುಡುಗ, ಆರಡಿ ಎತ್ತರ, ಬಾಲನ್ನು ಹಲಸಿನ ಹಣ್ಣಿನಂತೆ ಅಪ್ಪಿಕೊಂಡು ಹಿಡಿಯುತ್ತಿದ್ದ. ಮೂರು ವರ್ಷ ನಾನು ಅವನ ಟವೆಲು ಕಾಯುತ್ತ ಬೆಂಚಿನಲ್ಲಿ ಕುಳಿತವನು. ಆದರೂ ಮಾಸ್ಟ್ರು ನನ್ನನ್ನು ಬಿಟ್ಟುಬಿಡಲಿಲ್ಲ. ಮೊದಲ ದಿನವೇ ಗೋಲಿನ ಬಾಯಲ್ಲಿ ನಿಲ್ಲಿಸಿ ಕೈ ಎತ್ತಿಸಿದ್ದರು. ನನ್ನ ಬೆರಳ ತುದಿಗೂ ಮೇಲಿನ ಅಡ್ಡಪಟ್ಟಿಗೂ ನಡುವೆ ಸರಿಯಾಗಿ ಒಂದು ಗೇಣು ಜಾಗ. “ಈ ಒಂದು ಗೇಣೂ ನಿನ್ನ ಮನೆಯೇ. ಬಾಗಿಲು ಹಾಕ್ಕೋ” ಎಂದು ದಿನಕ್ಕೆ ನೂರು ಸಲ ಹಾರಿ ಪಟ್ಟಿ ಮುಟ್ಟಿಸುತ್ತಿದ್ದರು.

ಆ ವರ್ಷವೂ ನಾವು ಫೈನಲಿಗೆ ಬಂದೆವು. ಫೈನಲಿಗೆ ಒಂದು ವಾರ ಇರುವಾಗ ಮೊದಲ ಗೋಲ್‌ಕೀಪರ್ ಯಾರಿಗೂ ಹೇಳದೆ ಕಾಸರಗೋಡಿಗೆ ಹೋದ. ಅಲ್ಲಿ ಏಳೇಳು ಜನರ ಸೆವೆನ್ಸ್ ಪಂದ್ಯಗಳ ಹುಚ್ಚು. ಒಳ್ಳೆಯ ಕೀಪರನನ್ನು ತಲೆಮೇಲೆ ಹೊತ್ತು ಮೆರೆಸುತ್ತಿದ್ದರು. ಫೈನಲಿನ ಹಿಂದಿನ ದಿನ ಸಂಜೆ ನಗುತ್ತ ಬಂದ. ಮಾಸ್ಟ್ರು ಅವನ ಬೆನ್ನು ತಟ್ಟಿ, “ನಾಳೆ ಬೆಂಚಿನಲ್ಲಿ ಕೂತ್ಕೋ” ಎಂದರು, ಅಷ್ಟೆ.

ಮರುದಿನ ಬೆಳಿಗ್ಗೆ ಕ್ಯಾಪ್ಟನ್ ನನ್ನನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದುಕೊಂಡು ಹೋದ. ಅವನು ಕಾರ್ಕಳದವನು, ಮಾಸ್ಟ್ರೆಂದರೆ ಪ್ರಾಣ ಬಿಡುವವನು.

“ಮಾಸ್ಟ್ರ ಹತ್ರ ಹೊಟ್ಟೆನೋವು ಅಂತ ಹೇಳು.”

“ಎಂತಕ್ಕೆ?”

“ನೀನು ಇಲ್ಲದಿದ್ದರೆ ಬೇರೆ ಕೀಪರ್ ಯಾರುಂಟು? ಅವನನ್ನೇ ನಿಲ್ಲಿಸಬೇಕಾಗ್ತದೆ. ಕಪ್ ಬರ್ತದೆ, ಅವರ ಕೆಲಸವೂ ಉಳೀತದೆ. ಒಂದು ಮಾತು ಮಾರಾಯ. ನಿನಗೆ ಅವರ ಮೇಲೆ ಪ್ರೀತಿ ಉಂಟಲ್ವಾ?”

ಉಂಟು ಎಂದೆ. ಹೇಳುತ್ತೇನೆ ಎಂದೂ ಹೇಳಿದೆ. ತರಗತಿಯ ಕೋಣೆಯಲ್ಲಿ ಮಾಸ್ಟ್ರು ಜರ್ಸಿಗಳನ್ನು ಒಂದೊಂದಾಗಿ ಮಡಚಿ ಇಡುತ್ತಿದ್ದರು. ಕೀಪರಿನ ಹಸಿರು ಜರ್ಸಿ ಅವರ ಕೈಯಲ್ಲೇ ಇತ್ತು. ನಾನು ಎದುರು ನಿಂತೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಮಾತು ನಾಲಿಗೆಯ ತುದಿಯಲ್ಲಿತ್ತು. ಮೂರು ವರ್ಷ ಹಾಕಿಕೊಳ್ಳಲು ಸಿಗದ ಆ ಜರ್ಸಿಯೂ ಎದುರೇ ಇತ್ತು. ನಾನು ಕೈ ಚಾಚಿ ಅದನ್ನು ತೆಗೆದುಕೊಂಡು ತಲೆಗೆ ಹಾಕಿಕೊಂಡೆ. ಹೇಳಲು ಮರೆತೆ ಎಂದರೆ ಸುಳ್ಳಾಗುತ್ತದೆ. ಆಸೆಯಾಯಿತು, ಹೇಳಲಿಲ್ಲ.

ಪಂದ್ಯ ಮುಗಿಯಲು ನಾಲ್ಕೈದು ನಿಮಿಷವಿರುವ ತನಕ ಎರಡೂ ಕಡೆ ಗೋಲಿಲ್ಲ. ನಾನು ಕೆಟ್ಟದಾಗಿಯೂ ಆಡಿರಲಿಲ್ಲ, ಎರಡು ಒಳ್ಳೆಯ ಬಾಲುಗಳನ್ನು ತಡೆದಿದ್ದೆ. ಆಗ ಎದುರು ಟೀಮಿನ ಹುಡುಗನೊಬ್ಬ ದೂರದಿಂದ ಎತ್ತರಕ್ಕೆ ಹೊಡೆದ. ಬಾಲು ನಿಧಾನವಾಗಿ ನನ್ನ ತಲೆಯ ಮೇಲೆ ಬರುತ್ತಿತ್ತು. ನಾನು ನಿಂತಲ್ಲೇ ಬಲಗೈ ಎತ್ತಿದೆ. ಬಾಲು ಬೆರಳಿಗಿಂತ ಮೇಲಿತ್ತು. ಸರಿ, ಹೊರಗೆ ಹೋಯಿತು ಎಂದು ಬಿಟ್ಟೆ. ತಿರುಗಿ ನೋಡಿದರೆ ಬಾಲು ಬಲೆಯೊಳಗೆ ಕುಳಿತಿತ್ತು.

ಕಾಪುವಿನ ಕಡಲ ಬದಿಯಲ್ಲಿ ನಾವು ಆಡುವಾಗ ಗೋಲೆಂದರೆ ಹೊಯಿಗೆಯಲ್ಲಿ, ಆ ಕಡಲ ಮರಳಿನಲ್ಲಿ, ಊರಿದ ದೋಣಿಯ ಎರಡು ಹುಟ್ಟುಗೋಲುಗಳು. ಮೇಲೆ ಪಟ್ಟಿ ಎಲ್ಲಿಂದ ಬರಬೇಕು? ಕೀಪರ್ ಕೈ ಎತ್ತಬೇಕು; ಬೆರಳಿಗಿಂತ ಮೇಲೆ ಹೋದದ್ದು ಗೋಲಲ್ಲ. ಆರು ವರ್ಷದವನಿದ್ದಾಗಿನಿಂದ ಮೈಗೆ ಹತ್ತಿದ ಕಾನೂನು. ದಿನಕ್ಕೆ ನೂರು ಸಲ ಹಾರಿದ್ದೆಲ್ಲ ಆ ಒಂದು ಕ್ಷಣದಲ್ಲಿ ಎಲ್ಲಿಗೆ ಹೋಯಿತೋ, ನಾನು ಕಡಲ ಬದಿಯ ಹುಡುಗನಾಗಿ ಕೈ ಎತ್ತಿ ನಿಂತುಬಿಟ್ಟಿದ್ದೆ.

ಸೋತ ಮೇಲೆ ಮಾಸ್ಟ್ರು ಯಾರನ್ನೂ ಬೈಯಲಿಲ್ಲ. ಕಡಲೆಯ ಡಬ್ಬಿ ತೆರೆದು ಎಲ್ಲರಿಗೂ ಹಂಚಿದರು. ನಾನು ಕೈ ಒಡ್ಡಲಿಲ್ಲ. ಕ್ಯಾಪ್ಟನ್ ನನ್ನ ಮುಖ ನೋಡಲಿಲ್ಲ.

ನಾನು ಕಾಲೇಜಿಗೆ ಹೋಗುವುದನ್ನು ಬಿಟ್ಟೆ. ಒಂಬತ್ತನೆಯ ದಿನ, ಭಾನುವಾರ ಮಧ್ಯಾಹ್ನ, ನಮ್ಮ ಅಂಗಳಕ್ಕೆ ಮಾಸ್ಟ್ರು ಬಂದರು. ಬಸ್ಸಿಳಿದು ಸುಡುವ ಹೊಯಿಗೆಯಲ್ಲಿ ಆ ಕಾಲನ್ನು ಎಳೆದುಕೊಂಡು ಬಂದಿದ್ದರು. ತುಳು ಬಿಟ್ಟು ಬೇರೆ ಮಾತು ಅಪರೂಪಕ್ಕೆ ಆಡುವ ನನ್ನ ಅಮ್ಮ ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟು, ತನಗೆ ಗೊತ್ತಿದ್ದ ಕನ್ನಡದಲ್ಲಿ ಕೇಳಿದಳು: “ಅವ ಸರಿಯಾಗಿ ಊಟ ಮಾಡದೆ ಎಂಟು ದಿನ ಆಯ್ತು. ನೀವು ಬೈದದ್ದುಂಟಾ?”

“ಇಲ್ಲಮ್ಮ. ಬೈಯೋಕೆ ಸಮಯ ಸಿಗಲಿಲ್ಲ” ಎಂದರು ಮಾಸ್ಟ್ರು.

ಆಮೇಲೆ ನನ್ನನ್ನು ಎಬ್ಬಿಸಿ, “ನೀನು ಆಟ ಕಲಿತ ಜಾಗ ತೋರಿಸು” ಎಂದರು. ಕಡಲ ಬದಿಯಲ್ಲಿ ಕೇರಿಯ ಹುಡುಗರು ಆಡುತ್ತಿದ್ದರು. ಮಾಸ್ಟ್ರು ದೋಣಿಯ ಅಂಚಿಗೆ ಒರಗಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಂದು ಬಾಲು ಮೇಲೆ ಬಂತು. ಕೀಪರ್ ಕೈ ಎತ್ತಿದ. “ಮೇಲೆ! ಮೇಲೆ!” ಎಂದು ಎಲ್ಲರೂ ಕೂಗಿದರು, ಬಾಲು ಹೊಡೆದವನೂ ಒಪ್ಪಿಕೊಂಡು ಹಿಂದಕ್ಕೆ ಓಡಿದ.

ಮಾಸ್ಟ್ರು ನೆಟ್ಟಗಾದರು. “ಇದೇನೋ ಇದು?”

ಹೇಳಿದೆ.

“ನಾಲ್ಕು ವರ್ಷ ನಾನು ಇಲ್ಲಿಗೆ ಒಂದು ಸಲ ಬಂದು ನೋಡಲಿಲ್ಲ. ನಿನ್ನ ಕಾಲಿಗೆ ಹಾರೋದು ಕಲಿಸಿದೆ. ಕೈಗೆ ಮೊದಲೇ ಇನ್ನೊಂದು ಪಾಠ ಆಗಿತ್ತು ಅಂತ ನನಗೆ ಗೊತ್ತಿರಲಿಲ್ಲ. ಈ ಗೋಲು ನಂದು ಕಣೋ, ನಿಂದಲ್ಲ. ನಾಳೆ ಬೆಳಿಗ್ಗೆ ಐದೂವರೆಗೆ ಮೈದಾನದಲ್ಲಿ ಇರಬೇಕು.”

ಹೋದೆ. ಮೈದಾನದಲ್ಲಿ ಮಾಸ್ಟ್ರು ಇರಲಿಲ್ಲ. ಬಾಲುಗಳ ಚೀಲ ಹಿಡಿದು ಕ್ಯಾಪ್ಟನ್ ಒಬ್ಬನೇ ನಿಂತಿದ್ದ. ಮಾಸ್ಟ್ರನ್ನು ಗುರುವಾರವೇ ಕೆಲಸದಿಂದ ಬಿಡಿಸಿದ್ದಾರೆ ಎಂದು ಅವನೇ ಹೇಳಿದ. ನನ್ನ ಮನೆಗೆ ಬಂದ ದಿನ ಅವರು ಯಾವ ಟೀಮಿನ ಕೋಚೂ ಆಗಿರಲಿಲ್ಲ. ಅದನ್ನು ಕೇಳಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವರ ಮೇಲೆಯೇ ಸಿಟ್ಟು. ಹೇಳಬಾರದಿತ್ತೇ? ಬೈದು ಹೋಗಿದ್ದರೆ ನನ್ನ ಪಾಲಿಗೆ ಹಗುರವಾಗುತ್ತಿತ್ತು.

ಮರುವರ್ಷ ಕಪ್ ಬಂತು. ಗೋಲಿನಲ್ಲಿ ನಾನಿದ್ದೆ. ಫೋಟೋದಲ್ಲಿ ಕಪ್ ಹಿಡಿದು ನಡುವೆ ಕುಳಿತವರು ಬಂದು ಎಂಟು ತಿಂಗಳಾಗಿದ್ದ ಹೊಸ ಕೋಚ್. ಮಾಸ್ಟ್ರು ಆಗ ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ನಾನು ಮೆಡಲ್ ಹಿಡಿದುಕೊಂಡು ಹೋದೆ. ಅಂಗೈಯಲ್ಲಿಟ್ಟು ತೂಗಿ ನೋಡಿ, “ಅಮ್ಮನಿಗೆ ಕೊಡು” ಎಂದು ಹಿಂದಕ್ಕೆ ಕೊಟ್ಟರು. ಹೊಟ್ಟೆನೋವಿನ ಮಾತನ್ನು ಹೇಳಿಬಿಡಬೇಕೆಂದೇ ಅಷ್ಟು ದೂರ ಹೋಗಿದ್ದೆ. ಅವತ್ತೂ ಆಗಲಿಲ್ಲ. ಆ ಶಾಲೆಯ ಟೀಮನ್ನೂ ಅವರು ಎರಡು ಸಲ ಫೈನಲಿಗೆ ತಂದರು, ಎರಡು ಸಲವೂ ಸೋತರು. ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ಬ್ಯಾಂಕಿನ ಟೀಮಿಗೆ ಕೀಪರ್ ಆದೆ.

ಎಂಬತ್ತರ ದಶಕದ ನಡುವೆ ಅವರು ಮಣಿಪಾಲದ ಆಸ್ಪತ್ರೆಗೆ ಸೇರಿದರು. ಲಿವರಿನ ಕಾಯಿಲೆ, ಕೈ ಮೀರಿತ್ತು. ನಾನು ಹೋದಾಗ ವಾರ್ಡಿನ ಕಿಟಕಿಯ ಹತ್ತಿರ ಮಲಗಿದ್ದರು, ಬಹಳ ಇಳಿದಿದ್ದರು. ಇನ್ನು ಹೇಳದಿದ್ದರೆ ಹೇಳುವ ದಿನ ಬರಲಾರದು ಎಂದು ತೋರಿತು.

“ಮಾಸ್ಟ್ರೇ, ಆ ಫೈನಲಿನ ದಿನ ಬೆಳಿಗ್ಗೆ ಕ್ಯಾಪ್ಟನ್ ನನ್ನ ಹತ್ರ ಹೊಟ್ಟೆನೋವು ಅಂತ ಹೇಳ್ಲಿಕ್ಕೆ ಹೇಳಿದ್ದ. ಹೇಳಿದ್ದರೆ ನಿಮ್ಮ ಕೆಲಸ ಉಳೀತಿತ್ತು. ನನಗೆ ಆಡುವ ಆಸೆ. ಅದಕ್ಕೆ ಹೇಳಲಿಲ್ಲ.”

ಅವರು ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೇನೋ ಎಂದುಕೊಂಡೆ.

“ನಿನ್ನ ಹತ್ರ ಬರೋಕೆ ಮೊದಲು ಅವನು ನನ್ನ ಹತ್ರ ಬಂದಿದ್ದ” ಎಂದರು. “‘ಹೊಟ್ಟೆನೋವು ಅಂತ ಅವನ ಬಾಯಲ್ಲಿ ಹೇಳಿಸ್ತೇನೆ ಮಾಸ್ಟ್ರೇ, ನೀವು ನಂಬಿದ ಹಾಗೆ ಮಾಡಿ ಸಾಕು’ ಅಂದ. ನಾನು ಬೇಡ ಅನ್ನಲಿಲ್ಲ ಮಾರಾಯ. ಹೂಂ ಅಂತಲೂ ಅನ್ನಲಿಲ್ಲ. ಸುಮ್ಮನಿದ್ದೆ. ನೀನು ಬಂದು ಎದುರು ನಿಂತಾಗ ಈಗ ಹೇಳ್ತೀಯ, ಈಗ ಹೇಳ್ತೀಯ ಅಂತ ಕಾದೆ. ಹೇಳಿದ್ದರೆ ಖಂಡಿತ ನಂಬ್ತಿದ್ದೆ, ನನ್ನ ಕಟ್ಟಳೆ ನಾನೇ ಮುರೀತಿದ್ದೆ.” ಸ್ವಲ್ಪ ಉಸಿರು ತೆಗೆದುಕೊಂಡರು. “ನೀನು ಜರ್ಸಿ ಹಾಕ್ಕೊಂಡೆ. ಒಳ್ಳೇದು ಮಾಡಿದೆ. ಥ್ಯಾಂಕ್ಸ್ ಕಣೋ.”

ಹನ್ನೆರಡು ದಿನಗಳ ಮೇಲೆ ಅವರು ತೀರಿಕೊಂಡರು. ಕಾರ್ಕಳದಲ್ಲಿ ಮಣ್ಣು ಮಾಡಿದೆವು. ಅಲ್ಲಿ ನಿಂತವರಲ್ಲಿ ಯಾರೋ, ಪಾಪ, ಕೊನೆಗೂ ಒಂದು ಕಪ್ಪಿಲ್ಲ ಎಂದರು. ನಾನೂ ಕ್ಯಾಪ್ಟನ್ನೂ ಪಕ್ಕಪಕ್ಕದಲ್ಲೇ ಇದ್ದೆವು. ಒಂದು ಸುಳ್ಳು ಹೇಳಿದ್ದರೆ ಅವರ ಕೈಗೆ ಆ ಕಪ್ ಬರಬಹುದಿತ್ತು, ಆ ಸುಳ್ಳು ನನ್ನ ಬಾಯಲ್ಲಿತ್ತು. ನಾನು ಹೇಳಲಿಲ್ಲ, ಅದೂ ಸತ್ಯವಂತನಾಗಿ ಅಲ್ಲ, ಬರೀ ಆಸೆಗೆ. ಅದಕ್ಕೆ ಥ್ಯಾಂಕ್ಸ್ ಹೇಳಿ ಹೋದರಲ್ಲ, ಆ ಥ್ಯಾಂಕ್ಸನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.