ಮೌಶಿಯ ಐತವಾರದ ರೊಟ್ಟಿ ಪಾಠ

೧೯೯೬ರಲ್ಲಿ ನಾನು ಭಾಲ್ಕಿಯಲ್ಲಿ ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟೆ. ಇನ್ನು ಯಾರ ಮುಂದೂ ಪಾಠಕ್ಕೆ ಕೂರುವುದಿಲ್ಲ ಎಂದುಕೊಂಡಿದ್ದವನನ್ನು ಇಪ್ಪತ್ತು ವರ್ಷದ ಮೇಲೆ ಕೂರಿಸಿದವರು ಬೀದರಿನಲ್ಲಿ ಓಣಿಯವರೆಲ್ಲ ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಒಬ್ಬ ಹೆಂಗಸು. ಅವರ ಬಲ ಅಂಗೈ ತಿಕ್ಕಿಟ್ಟ ತಾಟಿನ ಹಾಗೆ ನುಣ್ಣಗಿತ್ತು. ಸುಡುವ ಹಿಟ್ಟು ನಾದಿ ನಾದಿ ಗೆರೆಗಳೆಲ್ಲ ಅಳಿಸಿಹೋಗಿದ್ದವು. "ಕೈ ನೋಡಾಂವ ಬಂದ್ರ ಉಪಾಸ ಹೋಗ್ತಾನ ನೋಡ್ರಿ" ಎಂದು ತಾವೇ ನಗುತ್ತಿದ್ದರು.

ಮೌಶಿ ಔರಾದ ಕಡೆಯ ಡಾಬಕಾ ಹಳ್ಳಿಯವರು. ಗಂಡ ತೀರಿದ ಮೇಲೆ ಬೀದರಿಗೆ ಬಂದು ಲಗ್ನದ ಮನೆಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದರು. ಸಿಟ್ಟು ಬಂದರೆ ಮಾತು ಮರಾಠಿಗೆ ತಿರುಗುತ್ತಿತ್ತು. ಹಿಟ್ಟನ್ನು ಮೊದಲು ಮೂಸುತ್ತಿದ್ದರು. ಹಳೆಯದಾದರೆ ಎಂಥ ದೊಡ್ಡವರ ಮನೆಯದಾದರೂ ಮುಟ್ಟುತ್ತಿರಲಿಲ್ಲ.

ಆಗ ನಾನು ಬೀದರಿನಲ್ಲಿ ಕಾಲೇಜಿನ ಹತ್ತಿರ ಖಾನಾವಳಿ ಹಾಕಿದ್ದೆ. ಊರೂರು ಹೋಟೆಲುಗಳಲ್ಲಿ ದುಡಿದದ್ದೆಲ್ಲ ಅದರೊಳಗೇ ಇತ್ತು. ಪಲ್ಯ, ಬ್ಯಾಳಿ ನನ್ನ ಕೈಯವು. ರೊಟ್ಟಿಗೆ ಕಮಠಾಣದ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ಮಗಳ ಬಾಣಂತನಕ್ಕೆ ಹೋದವಳು ತಿರುಗಿ ಬರಲಿಲ್ಲ. ರೊಟ್ಟಿಯಿಲ್ಲದ ಖಾನಾವಳಿ ಎಷ್ಟು ದಿನ ನಡೆದೀತು? ಗಿರಾಕಿಗಳು ಒಬ್ಬೊಬ್ಬರೇ ಎದುರಿನ ಮೆಸ್ಸಿಗೆ ಹೋಗತೊಡಗಿದರು. ಬಾಗಿಲು ಹಾಕುವ ಹೊತ್ತು ಬಂತೆನಿಸಿ ಮೌಶಿಯ ಹತ್ತಿರ ಓಡಿದೆ.

"ದಿನಾ ಬರಾಕ ಆಗಂಗಿಲ್ಲ ತಮ್ಮಾ, ಮೊಣಕಾಲು ಮಾತು ಕೇಳಂಗಿಲ್ಲ. ನೀನ ಕಲಿ."

"ಗಂಡಸರು ರೊಟ್ಟಿ ಬಡೀತಾರೇನ್ರಿ ಮೌಶಿ?"

"ಯಾಕ, ತಿನ್ನೂದಿಲ್ಲೇನು? ಐತವಾರ ಬಾ. ಪರದೇಶದ ಪೋರಿಗಿ ಕಲಿಸ್ತೇನಿ. ಆಕಿ ಬಾಜೂಕ ಕೂಡು."

ಆ ಹುಡುಗಿ ತಾಂಜಾನಿಯಾದಿಂದ ಓದಲು ಬಂದವಳು. ಮೌಶಿಯ ಓಣಿಯಲ್ಲೇ ಬಾಡಿಗೆಗಿದ್ದಳು. ನನಗೋ ಒಳಗೊಳಗೇ ಧಿಮಾಕು: ಇಷ್ಟು ವರ್ಷ ಒಲೆ ಮುಂದೆ ನಿಂತವನಿಗೆ ಈ ಹುಡುಗಿ ಏನು ಸಾಟಿ?

ಐತವಾರ ಮೌಶಿಯ ಮನೆಯಲ್ಲಿ ಎಸರು ಕುದಿಯಿತು. ನಾನು ಅದನ್ನು ಆರಲು ಬಿಟ್ಟು ಹಿಟ್ಟಿಗೆ ಹಾಕಿದೆ. ಚಪಾತಿ ಕಣಕ ನಾದಿದ ರೂಢಿ. ಕುದಿ ನೀರು ಬೀಳದೆ ಜೋಳದ ಹಿಟ್ಟಿಗೆ ಜಿಗಿ ಬರುವುದಿಲ್ಲ. ಬಡಿದಂತೆ ಅಂಚು ಸೀಳಿತು, ಎತ್ತಿದರೆ ಕೈಯಲ್ಲೇ ಮುರಿಯಿತು. ಹುಡುಗಿ ಮಾತ್ರ ಕುದಿಯುವ ಎಸರನ್ನೇ ಸುರಿದಳು, ಸೌಟಿನಿಂದ ತಿರುವಿದಳು, ಆವಿ ಏಳುತ್ತಿದ್ದ ಹಿಟ್ಟಿಗೆ ಹಾಗೇ ಕೈ ಹಾಕಿದಳು. ತಮ್ಮ ಮನೆಯಲ್ಲಿ ದಿನವೂ ಗೋವಿನಜೋಳದ ಹಿಟ್ಟನ್ನು ಹೀಗೇ ಕುದಿ ನೀರಲ್ಲಿ ತಿರುವಿ ಮುದ್ದೆ ಮಾಡುತ್ತಾರೆ ಎಂದು ಮುರುಕು ಹಿಂದಿಯಲ್ಲಿ ಹೇಳಿದಳು.

ಮೌಶಿ ನನ್ನ ಕಡೆ ನೋಡಿ, "ಈಕಿ ನಮ್ಮಾಕಿ ಅದಾಳ. ಪರದೇಶದಾಂವ ನೀನ" ಎಂದರು.

ಸುಡುವ ಹಿಟ್ಟು ನಾದಿ ನನ್ನ ಬೆರಳಿಗೆ ಬೊಬ್ಬೆ ಎದ್ದವು. ಐತವಾರ ತಪ್ಪಿಸಲಿಲ್ಲ. ಕಡೆಗೊಂದು ದಿನ ಖಾನಾವಳಿಯಲ್ಲಿ ನಾನೇ ಹಂಚಿನ ಮುಂದೆ ಕೂತೆ. ರುಚಿ ನೋಡಲು ಮೌಶಿಯೂ ಬಂದಿದ್ದರು. ಅದೇ ಹೊತ್ತಿಗೆ ಭಾಲ್ಕಿಯಿಂದ ಬಂದ ನನ್ನ ಕಾಕಾನ ಮಗ ಬಾಗಿಲಲ್ಲೇ ನಿಂತು ಕೂಗಿದ:

"ಏನಲೇ, ಸೀರಿ ಯಾವಾಗ ಉಡ್ತಿ?"

ಗಿರಾಕಿಗಳ ಕೈ ನಿಂತಿತು. ನನ್ನದೂ ನಿಂತಿತು.

ಮೌಶಿ ತಾಟಿನಿಂದ ತಲೆ ಎತ್ತದೆ, "ಅವಂಗ ರೊಟ್ಟಿ ಹಾಕಬ್ಯಾಡ ತಮ್ಮಾ. ಸೀರಿ ಉಟ್ಟವರು ಬಡದಿದ್ದೇ ಬೇಕಂತ. ಭಾಲ್ಕಿ ಬಸ್ಸು ಹತ್ತಿ ಮನಿಗಿ ಹೋಗಿ ಉಣ್ಣಲಿ" ಎಂದರು. ಇಡೀ ಖಾನಾವಳಿ ನಕ್ಕಿತು. ಅವನೂ ಹಲ್ಲು ಕಿರಿದು, ತಾಟು ಎಳೆದುಕೊಂಡು ಕೂತ. ನಾನು ಮುಂದಿನ ಉಂಡೆ ತೆಗೆದುಕೊಂಡೆ.

ಹುಡುಗಿ ಓದು ಮುಗಿಸಿ ತನ್ನ ದೇಶಕ್ಕೆ ಹೋದಳು. ಮೌಶಿ ಹೋದ ವರ್ಷ ತೀರಿಕೊಂಡರು. ಸಾವಾದ ಮನೆಯಲ್ಲಿ ನಾವು ಒಲೆ ಹೊತ್ತಿಸುವುದಿಲ್ಲ, ನೆರೆಯವರೇ ಉಣ್ಣಲು ತರುತ್ತಾರೆ. ಪಕ್ಕದ ಮನೆಯಂಗಳದಲ್ಲಿ ಓಣಿಯ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಅಂದೇ ಬೀಸಿದ ಹಿಟ್ಟು ಹಿಡಿದು ಹೋದೆ. ಕೊಟ್ಟು ಹೋಗಲು ಬಂದಿದ್ದಾನೆಂದು ಒಬ್ಬಳು ಕೈ ಚಾಚಿದಳು. ನಾನು ಚಪ್ಪಲಿ ಬಿಟ್ಟು ನಿಂತೇ ಇದ್ದೆ. ಹಿರಿಯಳೊಬ್ಬಳು ನೋಡಿ, "ಸರೀರಿ ಜರಾ, ಮೌಶಿ ಕಲಿಸಿದಾಂವ ಬಂದಾನ" ಎಂದಳು. ಜಾಗ ಮಾಡಿದರು. ಡಾಬಕಾದಿಂದ ಬಂದ ನೆಂಟರು ಅಂದು ನಾನು ಬಡಿದ ರೊಟ್ಟಿಯನ್ನೂ ಉಂಡರು.

ಈಗ ನನ್ನವು ಎರಡು ಖಾನಾವಳಿ: ಬೀದರಿನಲ್ಲೊಂದು, ಭಾಲ್ಕಿ ಸ್ಟೇಷನ್ನಿನ ಹತ್ತಿರ ಒಂದು. ಹಂಚು ಆರು. ರೊಟ್ಟಿ ಬಡಿಯುವವರು ಹೆಂಗಸರು ನಾಲ್ವರು. ಗಂಡಸರು, ನಾನು ಸೇರಿ, ಮೂವರು.